ಬಿಗಿಯಾಗಿ ಹೊಲಿದ ಚೀಲ

ಹಾನಗಲ್ಲಿನ ಬಸ್ ನಿಲ್ದಾಣದ ಎದುರು, ಹಣ್ಣಿನ ಗಾಡಿಗಳ ಸಾಲು ಮುಗಿಯುವ ಕಡೆ, ತಗಡಿನದೊಂದು ಪೆಟ್ಟಿಗೆ ಅಂಗಡಿಯಿದೆ. ಅದರಲ್ಲಿ ಯಲ್ಲಪ್ಪ ಮೂವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತ ಕೂತಿದ್ದಾನೆ. ಕೂತಿದ್ದಾನೆ ಎಂದರೆ ಕೂತೇ ಇದ್ದಾನೆ, ಆ ಪೆಟ್ಟಿಗೆಯಲ್ಲಿ ನೆಟ್ಟಗೆ ಎದ್ದು ನಿಲ್ಲಲು ಜಾಗವಿಲ್ಲ. ಮಳೆ ಹಿಡಿದು ತಿಂಗಳಾಗುತ್ತ ಬಂದಿತ್ತು, ಈಗ ಪುಷ್ಯ ಮಳೆಯ ಒಂಬತ್ತನೆಯ ದಿನ. ಧೋ ಎಂದು ಸುರಿದು ಹೋಗಿಬಿಡುವ ಮಳೆಯಲ್ಲ, ಸುಳಿವು ಕೊಟ್ಟರೂ ಏಳದ ನೆಂಟನ ಹಾಗೆ ಜಿಟಿಜಿಟಿ ಎನ್ನುತ್ತ ಬೇರೂರಿದ ಮಳೆ. ಗೂಟಕ್ಕೆ ಹಾಕಿದ ತೊಗಲಿನ ಮೇಲೆಲ್ಲ ಬಿಳಿ ಬೂಷ್ಟು ಕಟ್ಟಿತ್ತು. ಬೇರೆ ವರ್ಷವಾದರೆ ಯಲ್ಲಪ್ಪ ದಿನಕ್ಕೆರಡು ಸಲ ಅರಿವೆಯಿಂದ ಒರೆಸುತ್ತಿದ್ದ. ಈ ಸಲ ಹನ್ನೆರಡು ದಿನದಿಂದ ಅವನಿಗೆ ತೊಗಲು ಮುಟ್ಟುವುದೇ ಬೇಡವಾಗಿತ್ತು.

ಸರೋಜವ್ವ ಬಂದು ಕೊಡೆ ಮಡಚದೆ ಹಾಗೇ ಅಂಗಡಿಯ ಮುಂದೆ ನಿಂತಳು.

"ಯಲ್ಲಪ್ಪಣ್ಣಾ, ಇವತ್ತ ಬರ್ತೀರೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ. ನಾಳೆ ನಮ್ಮ ಮನಿಯವರ ಹೆಸರು ಕೇಸಿನ್ಯಾಗ ಸೇರಸ್ತಾರಂತ. ಸೇರಿಸಿದ ಮ್ಯಾಲ ನೀವು ಬಂದ್ರೇನು ಬಿಟ್ರೇನು?"

ಸರೋಜವ್ವ ಗುಡ್ಡಪ್ಪನ ಹೆಂಡತಿ. ಗುಡ್ಡಪ್ಪ ಯಲ್ಲಪ್ಪನ ಜೊತೆ ಏಳನೆಯ ಇಯತ್ತೆಯವರೆಗೆ ಒಂದೇ ಹಲಗೆಯ ಮೇಲೆ ಕೂತು ಕಲಿತವನು. ಆಮೇಲೆ ಮಿಲಿಟರಿಗೆ ಹೋದ, ಹದಿನೇಳು ವರ್ಷ ದುಡಿದು ಊರಿಗೆ ಬಂದ, ಹತ್ತು-ಹನ್ನೆರಡು ವರ್ಷ ಹೊಲ ಮಾಡಿ ಆಮೇಲೆ ಎಟಿಎಂಗಳಿಗೆ ರೊಕ್ಕ ತುಂಬುವ ಗಾಡಿಯಲ್ಲಿ ಗನ್‌ಮ್ಯಾನ್ ಆದ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ದಿನಕ್ಕೊಂದು ಸುತ್ತು. ಸೊಂಟದಲ್ಲಿ ಸ್ವಂತ ಲೈಸೆನ್ಸಿನ ರಿವಾಲ್ವರು. ಐದು ವರ್ಷದಲ್ಲಿ ಅದನ್ನು ಹೊರಗೆ ತೆಗೆಯುವ ಪ್ರಸಂಗವೇ ಬಂದಿರಲಿಲ್ಲ. ಬಂದ ದಿನ ಅದು ಹೊರಗೆ ಬರಲಿಲ್ಲ.

ಮಾಸೂರು ದಾಟಿ ಕೆರೆಯ ತಿರುವಿನಲ್ಲಿ ಗಾಡಿಯ ಚಕ್ರ ಪಂಕ್ಚರ್ ಆಗಿತ್ತು. ಮೊಳೆ ಹಾಕಿದ್ದರೆಂದು ಆಮೇಲೆ ಗೊತ್ತಾಯಿತು. ಡ್ರೈವರ್ ಇಜಾಜ ಜಾಕ್ ಹಚ್ಚುತ್ತಿದ್ದ. ರೊಕ್ಕದ ಜವಾಬ್ದಾರಿಯ ಹುಡುಗ ರುದ್ರೇಶ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಒಂದು ಬೈಕಿನ ಮೇಲೆ ಮೂವರು ಬಂದರು. ರುದ್ರೇಶನ ಹೆಗಲಿಗೂ ಕುತ್ತಿಗೆಗೂ ಮಚ್ಚಿನ ಏಟು ಬಿತ್ತು. ಗುಡ್ಡಪ್ಪ ರೇನ್‌ಕೋಟಿನ ಒಳಗೆ ಕೈಹಾಕಿ ರಿವಾಲ್ವರು ಎಳೆದ, ಮತ್ತೆ ಎಳೆದ, ಎರಡೂ ಕೈಯಿಂದ ಎಳೆದ. ಅವರು ರೊಕ್ಕದ ಪೆಟ್ಟಿಗೆ ಎತ್ತಿಕೊಂಡು ಬೈಕು ತಿರುಗಿಸಿ ಹೋದ ಮೇಲೆ ಅದು ಕಿತ್ತುಕೊಂಡು ಕೈಗೆ ಬಂತು. ಗಾಳಿಯಲ್ಲಿ ಎರಡು ಗುಂಡು ಹಾರಿಸಿದ. ಹೊಲದಲ್ಲಿ ನಾಟಿ ಮಾಡುತ್ತಿದ್ದವರು ಓಡಿ ಬಂದಾಗ ಕಂಡದ್ದು ಇಷ್ಟೇ: ರುದ್ರೇಶ ರಕ್ತದ ಮಡುವಿನಲ್ಲಿ, ಗನ್‌ಮ್ಯಾನ್ ಮೈಮೇಲೆ ಒಂದು ಗೀರೂ ಇಲ್ಲದೆ ರಿವಾಲ್ವರು ಹಿಡಿದು ನಿಂತಿದ್ದಾನೆ.

ಜನಕ್ಕೆ ಇದಕ್ಕಿಂತ ಹೆಚ್ಚು ಬೇಕೇ? ಕಳ್ಳರು ಹೋದ ಮೇಲೆ ಗುಂಡು ಹಾರಿಸಿದ ಶೂರ ಎಂದು ಮೊದಲ ದಿನ ನಕ್ಕರು. ಎರಡನೆಯ ದಿನದಿಂದ ನಗಲಿಲ್ಲ. ಇವನೂ ಅವರ ಪೈಕಿಯೇ ಅಂತೆ, ಪಾಲು ಮಾತಾಡಿಕೊಂಡಿದ್ದನಂತೆ ಎಂದು ಚಹಾದ ಅಂಗಡಿಯಲ್ಲಿ ಪಿಸುಗುಟ್ಟಿದರು. ರುದ್ರೇಶ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಪೊಲೀಸರು ಗುಡ್ಡಪ್ಪನನ್ನು ದಿನಾ ಮುಂಜಾನೆ ಹಿರೇಕೆರೂರಿನ ಠಾಣೆಗೆ ಕರೆಸಿ ಕೂರಿಸುತ್ತಿದ್ದರು, ಸಂಜೆ ಕಳಿಸುತ್ತಿದ್ದರು. ಅವನು ಹೇಳುತ್ತಿದ್ದದ್ದು ಒಂದೇ ಮಾತು: ತೊಗಲಿನ ಚೀಲದಾಗ ರಿವಾಲ್ವರು ಸಿಕ್ಕಿಕೊಂತು.

ಆ ಚೀಲ ಹೊಲಿದವನು ಯಲ್ಲಪ್ಪ.

"ಬರ್ತೇನವ್ವಾ," ಅಂದ. ಎದ್ದು ತಗಡಿನ ಬಾಗಿಲು ಎಳೆದ. ಸರೋಜವ್ವನೇ ಬೀಗ ಹಾಕಿ ಕೀಲಿಕೈ ಕೊಟ್ಟಳು.

ತಿಳವಳ್ಳಿಯ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸು ಹತ್ತಿದರು. ಕಿಟಕಿಯ ಗಾಜು ಮೇಲೆ ಏರದೆ ಎರಚಲು ಯಲ್ಲಪ್ಪನ ತೊಡೆ ತೋಯಿಸುತ್ತಿತ್ತು. ಅವನಿಗೆ ಅದರ ಖಬರೇ ಇರಲಿಲ್ಲ. ಹನ್ನೆರಡು ದಿನದಿಂದ ತಲೆಯಲ್ಲಿ ತಿರುಗುತ್ತಿದ್ದದ್ದು ಇನ್ನೊಮ್ಮೆ ತಿರುಗತೊಡಗಿತು.

ಮೇ ತಿಂಗಳ ಕೊನೆಯ ವಾರ ಗುಡ್ಡಪ್ಪ ಅಂಗಡಿಗೆ ಬಂದಿದ್ದ. ಹಳೆಯ ನೈಲಾನಿನ ಚೀಲವನ್ನು ಯಲ್ಲಪ್ಪನ ಮುಂದೆ ಒಗೆದ.

"ಇದರ ಹಣೇಬರಾ ನೋಡು. ಹೋದ ಮಳಿಗಾಲದಾಗ ಮುಂಜಾನೆ ತೊಯ್ದಿದ್ದು ಸಂಜಿತನಾ ಆರಾಂಗಿಲ್ಲ. ಹಸಿ ಅರಿವಿ ಸುತ್ತಿ ಇಟ್ಟಂಗ. ರಿವಾಲ್ವರ್ ಮ್ಯಾಲ ತುಕ್ಕಿನ ಚುಕ್ಕಿ ಬಂದಾವು."

ಆಮೇಲೆ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಕರಿಯ ಗಟ್ಟಿ ಪ್ಲಾಸ್ಟಿಕ್ಕು. ಹಾಳೆಯನ್ನು ಬಿಸಿ ಮಾಡಿ ರಿವಾಲ್ವರಿನ ಅಚ್ಚಿಗೆ ಒತ್ತಿ ಮಾಡುತ್ತಾರಂತೆ. "ನೀರು ಕುಡ್ಯಾಂಗಿಲ್ಲ, ಬೆವರು ಕುಡ್ಯಾಂಗಿಲ್ಲ. ಟಕ್ ಅಂತ ಕುಂದರತೈತಿ, ಟಕ್ ಅಂತ ಬರತೈತಿ. ಇದನ್ನ ತರಸ್ಲೇನು, ಇಲ್ಲಾ ತೊಗಲಿಂದು ಹೊಲಸ್ಲೇನು? ದಿನಾ ಸೊಂಟದಾಗ ಇರಾವು. ಮಳಿ, ಬೆವರು ಎರಡೂ ಐತಿ. ನೀ ತೊಗಲಿನ್ಯಾಗ ಹುಟ್ಟಿದ ಮನಷ್ಯಾ. ಖರೇ ಹೇಳು."

ಖರೇ ಹೇಳು ಎಂದು ಕೇಳಿದ್ದ. ಯಲ್ಲಪ್ಪನಿಗೆ ಖರೇ ಗೊತ್ತಿತ್ತು. ಮಳೆಗಾಲದಲ್ಲಿ ತೊಗಲು ಏನು ಮಾಡುತ್ತದೆಂದು ಹಾನಗಲ್ಲಿನ ತೊಗಲುಗಾರನಿಗೆ ಯಾರು ಹೇಳಿಕೊಡಬೇಕು? ಅದು ನೀರು ಕುಡಿಯುತ್ತದೆ, ಬೆವರಿನ ಉಪ್ಪು ಕುಡಿಯುತ್ತದೆ, ಉಬ್ಬುತ್ತದೆ. ಪ್ಲಾಸ್ಟಿಕ್ಕಿನದನ್ನೇ ತರಿಸಿಕೋ ಎಂದರೆ ಮುಗಿಯುತ್ತಿತ್ತು. ಆದರೆ ಆರು ವರ್ಷದಿಂದ ಅವನ ಹತ್ತಿರ ಒಬ್ಬರೂ ತೊಗಲಿನ ಹೊಸ ವಸ್ತು ಕೇಳಿರಲಿಲ್ಲ. ಕಾಲೇಜಿನ ಹುಡುಗಿಯರ ಬ್ಯಾಗಿನ ಪಟ್ಟಿ, ಕೆಟ್ಟ ಜಿಪ್ಪು, ರಬ್ಬರ್ ಚಪ್ಪಲಿಗೆ ಗೋಂದು, ಇಷ್ಟೇ ಅವನ ಕಸುಬಾಗಿತ್ತು. ಫೋನಿನಲ್ಲಿ ಆ ಪ್ಲಾಸ್ಟಿಕ್ಕು ನೋಡಿ ಅವನ ಹೊಟ್ಟೆ ಉರಿಯಿತು. ಸುಮ್ಮನೆ ಹೇಳುವುದಲ್ಲ, ಖರೇನೇ ಉರಿಯಿತು.

"ಪ್ಲಾಸ್ಟಿಕ್ಕ?" ಅಂದಿದ್ದ. "ಲೇ, ನೀ ಅದರಾಗ ರಿವಾಲ್ವರ್ ಇಡಾವೋ ಉಪ್ಪಿನಕಾಯಿ ಇಡಾವೋ?"

ಗುಡ್ಡಪ್ಪ ಬಿದ್ದು ಬಿದ್ದು ನಕ್ಕಿದ್ದ. ಆ ನಗುವಿನಲ್ಲಿ ಪ್ಲಾಸ್ಟಿಕ್ಕಿನ ಮಾತು ತೇಲಿಹೋಯಿತು. ತೊಗಲು ಮೈಗೆ ಒಗ್ಗುತ್ತದೆ, ಎಣ್ಣೆ ಕುಡಿಸಿದರೆ ಎಂಥ ಮಳೆಯನ್ನೂ ತಡೆಯುತ್ತದೆ, ಹತ್ತು ವರ್ಷ ಮುಟ್ಟಿ ನೋಡಬೇಡ ಎಂದೆಲ್ಲ ಯಲ್ಲಪ್ಪ ಹೇಳಿದ. ಹೇಳುತ್ತಾ ಹೇಳುತ್ತಾ ತಾನೂ ನಂಬಿದ.

ಎರಡು ದಿನ ಕೂತು ಹೊಲಿದ. ಗುಡ್ಡಪ್ಪ ಗುಂಡು ತೆಗೆದ ರಿವಾಲ್ವರನ್ನು ಹಿಡಿದುಕೊಂಡು ಎದುರಿಗೇ ಕೂತಿದ್ದ, ಅಳತೆ ಕೊಟ್ಟ. ಅಂಥ ಎಮ್ಮೆಯ ತೊಗಲು ಯಲ್ಲಪ್ಪನ ಹತ್ತಿರ ಇನ್ನೊಂದಿರಲಿಲ್ಲ. ರಂಪಿಗೆ ಹಿಡಿದು ಕೊಯ್ಯುವಾಗ ಕೈ ತಾನಾಗಿ ತನ್ನ ಹಳೆಯ ಲೆಕ್ಕಕ್ಕೆ ಹೋಯಿತು. ಅಪ್ಪ ಕಲಿಸಿದ ಚಪ್ಪಲಿಯ ಲೆಕ್ಕ: ಅಳತೆಗಿಂತ ಒಂದು ಜೋಳದ ಕಾಳಿನಷ್ಟು ಕಡಿಮೆ ಕೊಯ್ಯಬೇಕು. ಹೊಸ ಚಪ್ಪಲಿ ಎಂಟು ದಿನ ಕಚ್ಚಬೇಕು, ಗಿರಾಕಿ ಬಂದು ಬೈಯಬೇಕು, ಒಂಬತ್ತನೆಯ ದಿನ ಅದು ಕಾಲಿಗೆ ಒಗ್ಗಬೇಕು. ಮೊದಲೇ ಸರಿಯಾಗಿ ಕೂತ ಚಪ್ಪಲಿ ತಿಂಗಳಲ್ಲಿ ಸಡಿಲಾಗಿ ಫಟ್ ಫಟ್ ಅನ್ನುತ್ತದೆ. ಮೂವತ್ತು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ಕಾಲಿಗೆ ಮಾಂಸವಿದೆ. ಕಾಲೂ ಸ್ವಲ್ಪ ಸರಿಯುತ್ತದೆ, ತೊಗಲೂ ಸ್ವಲ್ಪ ಸರಿಯುತ್ತದೆ, ಇಬ್ಬರೂ ಒಪ್ಪಂದಕ್ಕೆ ಬರುತ್ತಾರೆ. ಉಕ್ಕು ಎಲ್ಲಿ ಸರಿಯುತ್ತದೆ? ಇಷ್ಟು ಸಣ್ಣ ಸಂಗತಿ ಹೊಲಿಯುವಾಗ ಅವನಿಗೆ ಹೊಳೆಯಲಿಲ್ಲ. ಮಳೆ ಹಿಡಿಯಿತು, ತೊಗಲು ಉಬ್ಬಿತು. ಹೊರಗೆ ಬೆಲ್ಟು ಬಿಗಿದಿತ್ತು, ಉಬ್ಬುವುದಾದರೆ ಒಳಗೇ ಉಬ್ಬಬೇಕು.

ಇನ್ನೊಂದಿತ್ತು. ಅದನ್ನು ನೆನೆದರೆ ಯಲ್ಲಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಗುಡ್ಡಪ್ಪ ಮತ್ತೆ ಬಂದು, "ಯಾಕೋ ಸ್ವಲ್ಪ ಹಿಡಿತೈತೋ, ಸರಳ ಬರವಲ್ದು," ಎಂದಿದ್ದ. ಯಲ್ಲಪ್ಪ ಕುಸುಬಿ ಎಣ್ಣೆ ಸವರಿ ಕೊಟ್ಟು, ಸಾವಿರ ಗಿರಾಕಿಗಳಿಗೆ ಹೇಳಿದ್ದನ್ನೇ ಹೇಳಿದ್ದ: "ಎಂಟು ದಿನ ತಡಿ, ಒಗ್ಗತೈತಿ."

ಕೆರೆಯ ತಿರುವಿನ ಪ್ರಸಂಗ ಆರನೆಯ ದಿನ ನಡೆಯಿತು.

ಠಾಣೆಯ ಪಡಸಾಲೆಯಲ್ಲಿ ಸರೋಜವ್ವನನ್ನು ತಡೆದರು. ಯಲ್ಲಪ್ಪನೊಬ್ಬನನ್ನೇ ಒಳಗೆ ಬಿಟ್ಟರು. ಗುಡ್ಡಪ್ಪ ಗೋಡೆಗೆ ಹಚ್ಚಿದ ಬೆಂಚಿನ ಮೇಲೆ ಕೂತಿದ್ದ. ದಿನಾ ಗಡ್ಡ ಹೆರೆದುಕೊಳ್ಳುವ ಮಿಲಿಟರಿ ಮನುಷ್ಯ, ಈಗ ಕೆನ್ನೆಯ ತುಂಬ ಬಿಳಿ ಕೂಳೆ. ಯಲ್ಲಪ್ಪನನ್ನು ನೋಡಿ ಅರೆಗಳಿಗೆ ಅವನ ಮುಖ ಅರಳಿತು, ಆಮೇಲೆ ಯಾಕೋ ಗಾಬರಿಯಾಯಿತು.

ಮೇಜಿನ ಹಿಂದೆ ಕೂತ ಸಾಹೇಬರು ಕೆಟ್ಟವರಾಗಿ ಕಾಣಲಿಲ್ಲ. ನಿದ್ದೆಗೆಟ್ಟವರಾಗಿ ಕಂಡರು.

"ನೀನೇನು ಚೀಲಾ ಹೊಲದಾಂವ? ಬಾ. ನಾನ ನಿನ್ನ ಕರಸಾಂವ ಇದ್ದೆ. ಇದ ಏನು?"

"ಹೌದ್ರಿ ಸಾಹೇಬ್ರ, ಇದ ರೀ."

ಸಾಹೇಬರು ಖಾಕಿ ಪಾಕೀಟಿನಿಂದ ಚೀಲ ತೆಗೆದರು. ಗುಂಡಿಲ್ಲದ ರಿವಾಲ್ವರನ್ನು ಅದರೊಳಗೆ ಇಟ್ಟು, ಎಡಗೈಯಲ್ಲಿ ಚೀಲ ಹಿಡಿದು, ಬಲಗೈಯ ಎರಡೇ ಬೆರಳಿನಿಂದ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಮತ್ತೊಮ್ಮೆ ಇಟ್ಟು ಎಳೆದರು. ಮತ್ತೂ ಬಂತು.

"ನೋಡಿದಿ? ನಮ್ಮ ಸಣ್ಣ ಮಗಳು ಎಳದ್ರೂ ಬರತೈತಿ. ಹದಿನೇಳು ವರ್ಷ ಮಿಲಿಟರಿಯಾಗಿದ್ದಾಂವಗ ಬರಲಿಲ್ಲಂತ."

ಯಲ್ಲಪ್ಪ ಕೈಚಾಚಿ ಚೀಲ ಇಸಕೊಂಡ. ಹಪ್ಪಳದ ಹಾಗೆ ಒಣಗಿತ್ತು. ಠಾಣೆಯ ಕಪಾಟಿನಲ್ಲಿ, ದಿನವಿಡೀ ಉರಿಯುವ ದೀಪದ ಕೆಳಗೆ ಹನ್ನೆರಡು ದಿನ. ಬೆರಳು ಹಾಕಿ ನೋಡಿದ. ಬಾಯಿ ಅಗಲವಾಗಿತ್ತು, ತಾನು ಕೊಯ್ದ ಅಳತೆಗಿಂತ ಎಷ್ಟೋ ಅಗಲ. ಅಂಚಿನ ಹೊಲಿಗೆ ಒಂದು ಕಡೆ ಎಳೆದು ನಿಂತಿತ್ತು. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ತೊಯ್ದ ತೊಗಲನ್ನು ಗುಡ್ಡಪ್ಪ ಜೀವದ ಮೇಲಿನ ಆಸೆಯಿಂದ ಎಳೆದಿದ್ದ. ಅದು ಎಳೆದಷ್ಟು ಹಿಗ್ಗಿ, ಹಿಗ್ಗಿದ ಹಾಗೇ ಒಣಗಿತ್ತು. ಗುಡ್ಡಪ್ಪನನ್ನು ಉಳಿಸಬೇಕಾದ ಸಾಕ್ಷಿ ಒಣಗಿ ಸಾಕ್ಷಿಯೇ ಅಲ್ಲದಂತಾಗಿತ್ತು.

"ಸಾಹೇಬ್ರ, ಇದು ಆವತ್ತ ಹಿಂಗ ಇದ್ದಿಲ್ಲ ರೀ," ಅಂದ. ಮಾತು ಒಂದರ ಮೇಲೊಂದು ಬಿದ್ದವು. "ಹಸಿ ತೊಗಲ ಜಗ್ಗಿದ್ರ ಹಿಗ್ಗತೈತ್ರಿ, ಹಿಗ್ಗಿದಂಗ ಒಣಗತೈತ್ರಿ. ಆವತ್ತು ಇದು ಹದಿನೈದು ದಿನದ ಮಳ್ಯಾಗ ತೊಯ್ದು ಉಬ್ಬಿತ್ತು. ನಿಮ್ಮ ಕಾಲ್ಮುಗಿತೇನ್ರಿ, ನನ್ನ ಮಾತು ಕೇಳ್ರಿ."

"ಉಬ್ಬಿದ್ರ ಒಂದ ಕೂದಲೆಳಿ ಉಬ್ಬೀತು. ಒಂದ ಕೂದಲೆಳಿಗೆ ರಿವಾಲ್ವರ್ ಸಿಗಬೀಳತೈತೇನು?"

ಇನ್ನು ಬೇರೆ ದಾರಿ ಇರಲಿಲ್ಲ. ಮೂವತ್ತು ವರ್ಷದ ಹೆಸರನ್ನು ಯಲ್ಲಪ್ಪ ಆ ಮೇಜಿನ ಮೇಲೆ ಇಟ್ಟ.

"ನಾನ ಬಿಗಿ ಹೊಲದೇನ್ರಿ. ಅಳತಿಗಿಂತ ಒಂದ ಜ್ವಾಳದ ಕಾಳಷ್ಟು ಕಡಿಮಿ. ಅದರ ಮ್ಯಾಲ ಉಬ್ಬಿದ್ರ ಎಲ್ಲಿಂದ ಬರಬೇಕ್ರಿ? ಕೆಲಸ ನಂದು ಕೆಟ್ಟೈತಿ. ಅಂವ ಪ್ಲಾಸ್ಟಿಕ್ಕಿಂದು ತಗೊಳ್ಳಾಂವ ಇದ್ದ, ನಾನ ಬ್ಯಾಡ ಅಂದೆ. ತಪ್ಪೆಲ್ಲಾ ನಂದ ರೀ."

ಬರೆಯುತ್ತಿದ್ದ ಸಾಹೇಬರ ಪೆನ್ನು ನಿಂತಿತು. ಮೊದಲ ಸಲ ಅವರು ಯಲ್ಲಪ್ಪನನ್ನು ಸರಿಯಾಗಿ ನೋಡಿದರು.

"ಬೇಕಂತನ ಬಿಗಿ ಹೊಲದಿ?"

"ಹೌದ್ರಿ, ಬೇಕಂತನ. ನಮ್ಮ ಕಾಲಮರಿ, ಚಪ್ಪಲಿ ಕೆಲಸದಾಗ ಹಂಗ ಮಾಡ್ತೇವ್ರಿ."

"ಕಾಲಮರಿ ಮಾತ ಬ್ಯಾಡ. ರಿವಾಲ್ವರ್ ಹೊರಗ ಬರಬಾರ್ದು ಅನ್ನೂವಂಗ ಚೀಲಾ ಹೊಲದೈತಿ, ಬೇಕಂತನ ಹೊಲದೈತಿ. ಇದು ನಿನ್ನ ಬಾಯಿಂದನ ಬಂತು. ಈಗ ಒಂದ ಹೇಳು. ಬಿಗಿ ಹೊಲಿ ಅಂತ ನಿನಗ ಹೇಳಿದವರು ಯಾರು?"

ಯಲ್ಲಪ್ಪನಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ಈಗ ತಿಳಿಯಿತು. ಗುಡ್ಡಪ್ಪ ಹೇಳಿದ್ದು ನಿಜ. ಅಳತೆ ಕೊಡುವಾಗ, "ಬಿಗಿ ಇರ್ಲಿ ಲೇ, ಗಾಡಿ ಇಳಿಯೂ ಮುಂದ ಜಾರಬಾರ್ದು," ಅಂದಿದ್ದ. ಸೊಂಟಕ್ಕೆ ಏನನ್ನೇ ಕಟ್ಟಿಕೊಳ್ಳುವವರೂ ಹೇಳುವ ಮಾತು ಅದು. ಅವನು ಹೇಳದಿದ್ದರೂ ಯಲ್ಲಪ್ಪ ಅಷ್ಟೇ ಬಿಗಿ ಕೊಯ್ಯುತ್ತಿದ್ದ. ಆದರೆ ಹೌದು ಎಂದರೆ ಆ ಕಾಗದದ ಮೇಲೆ ಅದು ಹೇಗೆ ಕಾಣುತ್ತದೆ? ಆರೋಪಿಯೇ ಮುಂದೆ ನಿಂತು, ಹೊರಗೆ ಬಾರದ ಹಾಗೆ ಚೀಲ ಹೊಲಿಸಿದ. ಅಷ್ಟೇ, ಮುಗಿಯಿತು ಗುಡ್ಡಪ್ಪನ ಕಥೆ.

ಬೆಂಚಿನ ಮೇಲೆ ಗುಡ್ಡಪ್ಪ ಕತ್ತೆತ್ತಿ, "ಯಲ್ಲ್ಯಾ" ಎಂದು ಏನೋ ಹೇಳಲು ಹೊರಟ. ಪಕ್ಕದ ಕಾನ್‌ಸ್ಟೇಬಲ್ಲು ಅವನ ಭುಜದ ಮೇಲೆ ಕೈಯಿಟ್ಟ.

"ಯಾರೂ ಹೇಳಿಲ್ರಿ," ಅಂದ ಯಲ್ಲಪ್ಪ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಭಯ ಅವನನ್ನು ಮುಂದಕ್ಕೆ ದೂಡಿತು. "ಅಂವ ಸಡ್ಲ ಇರ್ಲಿ ಅಂದಿದ್ದ ರೀ. ನಾಕ ಸಲ ಅಂದ. ನಾನ ಕೇಳಲಿಲ್ಲ. ಬೇಕಾದ್ರ ದೇವರ ಮ್ಯಾಲ ಆಣಿ ಮಾಡ್ತೇನಿ."

ಸಾಹೇಬರು ಮೇಜಿನ ಮೇಲಿನ ಫೈಲು ಎಳೆದುಕೊಂಡರು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟು ನಿಧಾನವಾಗಿ ಓದಿದರು.

"'ಸದರ ಚೀಲವನ್ನು ಹೊಲಿದ ಯಲ್ಲಪ್ಪ ಈತನದು ಏನೂ ತಪ್ಪು ಇರುವುದಿಲ್ಲ. ಆತನು ಒಳ್ಳೆಯ ಕೆಲಸಗಾರ ಇರುತ್ತಾನೆ. ಚೀಲವು ಬಿಗಿಯಾಗಿ ಇರಲಿ ಅಂತಾ ನಾನೇ ಆತನಿಗೆ ಹೇಳಿದ್ದು ಇರುತ್ತದೆ.' ಕೆಳಗ ಸಹಿ ಗುಡ್ಡಪ್ಪಂದು. ಮೊದಲನೇ ದಿನದ ಹೇಳಿಕಿ."

ಪಡಸಾಲೆಯ ತಗಡಿನ ಮೇಲೆ ಮಳೆಯ ಸದ್ದು ಜೋರಾಯಿತು.

"ಅಂವ ಬಿಗಿ ಅಂದೆ ಅಂತಾನ, ನೀ ಸಡ್ಲ ಅಂದ ಅಂತೀದಿ. ನಾಕ ಸಲ ಅಂದ ಅಂತೀದಿ, ದೇವರ ಆಣಿ ಬ್ಯಾರೆ. ಏನೂ ಇಲ್ಲದಿದ್ರ ಮನಷ್ಯಾ ಯಾಕ ಸುಳ್ಳು ಹೇಳ್ತಾನ?"

"ಸುಳ್ಳು ಹೇಳಿದೇನ್ರಿ ಸಾಹೇಬ್ರ!" ಯಲ್ಲಪ್ಪ ಮೇಜಿನ ಅಂಚು ಹಿಡಿದ. "ಅಂವ ಬಿಗಿ ಇರ್ಲಿ ಅಂದಿದ್ದು ಖರೇ ರೀ. ಜಾರಬಾರ್ದು ಅಂತ ಅಂದಿದ್ದ. ಅಷ್ಟ ರೀ. ಅಂವನ ಮ್ಯಾಲ ಬರತೈತಿ ಅಂತ ಹೆದರಿ ಹಂಗಂದೆ. ನಾ ಅನಾಡಿ ರೀ, ನನಗ ತಿಳೀಲಿಲ್ಲ."

"ಒಂದ ನಿಮಿಷದಾಗ ಎರಡ ಮಾತು," ಎಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸ ಸಿಕ್ಕವರ ಚುರುಕಿತ್ತು. "ಇವನ ಹೆಸರು, ತಂದಿ ಹೆಸರು, ಫೋನ್ ನಂಬರ ಬರಕೋರಿ. ಆ ಫೋನೂ ಇಸಕೋರಿ, ಮೂರು ತಿಂಗಳದಾಗ ಇಬ್ರೂ ಎಷ್ಟ ಸಲ ಮಾತಾಡ್ಯಾರ ನೋಡೋಣು. ಅಲ್ಲಿ ಕೂಡ್ರಸ್ರಿ ಇವನ್ನ. ಒಂದ ಹೆಸರು ಬರಿಯೋದಿತ್ತು, ಈಗ ಎರಡಾತು."

ಯಲ್ಲಪ್ಪ ಇನ್ನೂ ಏನೇನೋ ಹೇಳಿದ. ಖರೇನೇ ಹೇಳಿದ, ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸಿತು. ಕೊನೆಗೆ ಕಾನ್‌ಸ್ಟೇಬಲ್ಲು ತೋಳು ಹಿಡಿದು ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದ. ಗುಡ್ಡಪ್ಪ ಸರಿದು ಜಾಗ ಮಾಡಿಕೊಟ್ಟ.

"ನೀ ಯಾಕ ಹಂಗ ಬರಸಿದ್ಯೋ?" ಯಲ್ಲಪ್ಪ ಕೇಳಿದ.

"ನಿನ್ನ ಕೆಲಸ ಕೆಟ್ಟೈತಿ ಅಂತ ಬರಕೊಳ್ಳಾಕತ್ತಿದ್ರು. ಊರಾಗ ನಿನ್ನ ಅಂಗಡಿಗೆ ಯಾರ ಬರ್ತಾರಲೇ ಆಮ್ಯಾಲ?" ಗುಡ್ಡಪ್ಪ ಕಣ್ಣು ಮುಚ್ಚಿದ. "ಖರೇ ಹೇಳಿದ್ರ ಏನಾಗತೈತಿ ಅಂತ ಹೇಳಿದೆ."

ಯಲ್ಲಪ್ಪ ಅತ್ತ. ಐವತ್ತು ದಾಟಿದ ಗಂಡಸು, ಠಾಣೆಯಲ್ಲಿ ಎಲ್ಲರೆದುರು, ಅಂಗಿಯ ತುದಿ ಬಾಯಿಗೊತ್ತಿಕೊಂಡು ಅತ್ತ. ಮಳೆಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಪಡಸಾಲೆಯ ಕಿಟಕಿಯ ಸರಳುಗಳ ಆಚೆ ಸರೋಜವ್ವ ನಿಂತಿದ್ದಳು. ಅವಳಿಗೆ ಒಳಗಿನ ಒಂದು ಮಾತೂ ಕೇಳಿರಲಿಲ್ಲ. ಯಲ್ಲಪ್ಪಣ್ಣ ಸಾಹೇಬರ ಮುಂದೆ ನಿಂತು ಕೈಮಾಡಿ ಮಾಡಿ ಹೇಳಿದ್ದು ಕಂಡಿತ್ತು, ಸಾಹೇಬರು ಬರೆದುಕೊಂಡದ್ದು ಕಂಡಿತ್ತು. ಈಗ ಅವನು ತನ್ನ ಗಂಡನ ಮಗ್ಗುಲಿಗೆ ಹೋಗಿ ಕೂತಿದ್ದ. ಹನ್ನೆರಡು ದಿನದಲ್ಲಿ ಆ ಬೆಂಚಿನ ಮೇಲೆ ಅವಳ ಗಂಡನ ಜೊತೆ ಯಾರೂ ಕೂತಿರಲಿಲ್ಲ. ಅವಳು ಕೊಡೆಯನ್ನು ಗೋಡೆಗೆ ಆನಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಸರಳುಗಳ ನಡುವಿನಿಂದ ಯಲ್ಲಪ್ಪನಿಗೆ ಎರಡೂ ಕೈ ಮುಗಿದಳು.